ಎಣ್ಣೆ ಮಿಲ್ಲಿನ ಕಪ್ಪು ಬೆಲ್ಟ್

12-6-2002, ಬುಧವಾರ

ಇವತ್ತೂ ಕ್ಲಾಸು ಬಯಲಿನಲ್ಲೇ. ಕಲ್ಯಾಣ ಮಂಟಪದಲ್ಲಿ ಮದುವೆ. ನಾವು ಪ್ರಾಕ್ಟೀಸ್ ಮಾಡುವ ಊಟದ ಹಾಲಿನಲ್ಲಿ ಎಲೆ ಹಾಸಿದ್ದರು. ಮೂವತ್ತೊಂದು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಎಪಿಎಂಸಿ ಹಿಂದಿನ ಮೈದಾನಕ್ಕೆ. ಜಾಲಿಮುಳ್ಳು. ದೀಪಾಳ ಅಂಗಾಲಿನಿಂದ ಎರಡು ತೆಗೆದೆ. ಅಳಲಿಲ್ಲ. ಕುರಿ ಮೇಯಿಸುವ ಮನೆಯ ಹುಡುಗಿ, ಮುಳ್ಳು ಹೊಸದಲ್ಲ.

ಕರಾಟೆಗೆ ಸೇರಿ ಹನ್ನೆರಡು ವರ್ಷ. ಇದು ಎಷ್ಟನೇ ಜಾಗ? ಶಾಲೆಯ ಜಗಲಿ, ಮುಚ್ಚಿದ ಟೂರಿಂಗ್ ಟಾಕೀಸು, ಯಾರದೋ ಕಣ, ಈಗ ಮಂಟಪ. ಎಲ್ಲ ಕಡೆಯೂ ಕೊನೆಗೆ ಒಂದೇ ಮಾತು — ಬೇರೆ ಕಡೆ ನೋಡ್ಕಳ್ರಿ.

ಮುಗಿದ ಮೇಲೆ ಪ್ರಸನ್ನಕುಮಾರ್ ಮಾಸ್ಟರ್ ನನ್ನನ್ನೂ ಗಿರೀಶನನ್ನೂ ನಿಲ್ಲಿಸಿಕೊಂಡರು. ಮಾಸ್ಟರ್ ಬಿಟ್ಟರೆ ಇಡೀ ಹೊಳಲ್ಕೆರೆಯಲ್ಲಿ ಕಪ್ಪು ಬೆಲ್ಟ್ ಇರುವುದು ನಮ್ಮಿಬ್ಬರಿಗೇ.

"ಇನ್ನು ಯಾರ ಬಾಗಿಲಿಗೂ ಹೋಗಂಗಿಲ್ಲ ಕಣಮ್ಮ ಶೋಭಾ. ಓಬಳೇಶಪ್ಪನೋರು ಎಣ್ಣೆ ಮಿಲ್ಲು ಕೊಡ್ತಾರಂತೆ. ನಮ್ ಶಾಲೆ ಹೆಸ್ರಿಗೇ ದಾನಪತ್ರ."

ಗಿರೀಶ ಮಾಸ್ಟರ್ ಕಾಲು ಮುಟ್ಟಿದ. ನನಗೆ ಖುಷಿ ಬರಲಿಲ್ಲ. ಒಂಬತ್ತು ವರ್ಷದಿಂದ ಮುರುಗಪ್ಪ ವಕೀಲರ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಎಷ್ಟೋ ದಾನಪತ್ರ ಹೊಡೆದಿದ್ದೇನೆ. ಸುಮ್ಮನೆ ಕೊಟ್ಟದ್ದು ಒಂದೂ ಇಲ್ಲ.

ಅಮ್ಮನಿಗೆ ಹೇಳಿದೆ. ರೊಟ್ಟಿ ತಟ್ಟುತ್ತಲೇ ಅಂದಳು — "ಓಬಳೇಶಪ್ಪ ಸುಮ್ನೆ ಕೊಡೋನಾ? ನೋಡ್ಕಂಡು ಹೆಜ್ಜೆ ಇಡ್ರಿ."

16-6-2002, ಭಾನುವಾರ

ಮಿಲ್ ನೋಡಿ ಬಂದೆವು. ಸ್ಟೇಷನ್ ರಸ್ತೆ. ಎಪ್ಪತ್ತು ಅಡಿ ಉದ್ದ, ತಗಡಿನ ಛಾವಣಿ, ನೆಲ ಹಾಸುಗಲ್ಲು. ಶೇಂಗಾ ಎಣ್ಣೆ ಕುಡಿದು ಕಲ್ಲೆಲ್ಲ ಕಪ್ಪು. ಕಾಲಿಟ್ಟರೆ ಜಾರುತ್ತದೆ. ಆದರೂ... ನಾಲ್ಕು ಗೋಡೆ. ಬೀಗ ಇರುವ ಬಾಗಿಲು.

ಓಬಳೇಶಪ್ಪನವರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಎಂಬತ್ತರ ಹತ್ತಿರ. ಮೊಮ್ಮಗಳು ಸ್ವಾತಿ ನಮ್ಮ ಕ್ಲಾಸಿನಲ್ಲಿ ಹಸಿರು ಬೆಲ್ಟ್. ಕೇಳಿಯೇಬಿಟ್ಟೆ — ಮಾರಬಹುದಿತ್ತಲ್ಲ, ಯಾಕೆ ಕೊಡ್ತಿದೀರಿ?

"ಮಗಂಗೆ ಕೊಟ್ರೆ ಅಳಿಯ ಮಾತು ಬಿಡ್ತಾನೆ. ಅಳಿಯಂಗೆ ಕೊಟ್ರೆ ಮಗ ಬಿಡ್ತಾನೆ. ನಿಮಗೆ ಕೊಟ್ರೆ ಇಬ್ರೂ ಒಟ್ಟಿಗೆ ನನ್ನ ಬೈತಾರೆ. ಒಟ್ಟಿಗೆ ಕುಂತು ಬೈಯ್ಲಿ ಬಿಡು, ಅದೇ ಬೇಕು ನಂಗೆ."

ನಂಬುವ ಹಾಗಿತ್ತು. ಅದಕ್ಕೇ ಅನುಮಾನ. ಬೇರೆ ಏನೋ ಇರಬೇಕು. ಮಾಸ್ಟರ್‌ಗೂ ಇವರಿಗೂ ನಡುವೆ ಏನಾದರೂ ಮಾತಾಗಿದೆಯಾ?

24-6-2002, ಸೋಮವಾರ

ಅಂಥ ಮಾತೇನೂ ಆಗಿಲ್ಲ. ಅಥವಾ ಆಗಿದ್ದರೂ ಕಾಗದದಲ್ಲಿ ಇಲ್ಲ. ದಾನಪತ್ರದ ಡ್ರಾಫ್ಟ್ ನಾನೇ ಟೈಪ್ ಮಾಡಿದೆ, ಎರಡು ಸಲ ಓದಿದೆ. ಮುದುಕ ಶುದ್ಧ. ಒಂದೇ ಷರತ್ತು — ರಾಜ್ಯ ಕರಾಟೆ ಸಂಘದ ಮಾನ್ಯತೆ ಇರುವ ಕಪ್ಪು ಬೆಲ್ಟಿನವರು ಮುಖ್ಯ ಶಿಕ್ಷಕರಾಗಿರುವವರೆಗೆ ಮಾತ್ರ ಹಾಲ್ ನಮ್ಮದು. ಇದು ವಕೀಲರು ಹಾಕಿಸಿದ್ದು. "ನಾಳೆ ಯಾವನೋ ಬಂದು ಅಲ್ಲಿ ಕ್ಯಾರಂ ಕ್ಲಬ್ ಮಾಡ್ಬಾರ್ದಲ್ಲ."

ಬೇಕಾದ ದಾಖಲೆಗಳ ಪಟ್ಟಿಯಲ್ಲಿ ಕೊನೆಯದು: ಮುಖ್ಯ ಶಿಕ್ಷಕರ ಬೆಲ್ಟ್ ಸರ್ಟಿಫಿಕೇಟು, ಒರಿಜಿನಲ್.

ಸಂಜೆ ಮಾಸ್ಟರ್‌ಗೆ ಪಟ್ಟಿ ಕೊಟ್ಟೆ. ಓದಿದರು. ಮಡಚಿ ಜೇಬಿಗೆ. "ಕೊಡಾಣ ಬಿಡಮ್ಮ."

ಆಮೇಲೆ ಇಡೀ ಕ್ಲಾಸು ಗಿರೀಶನ ಕೈಲಿ ನಡೆಸಿದರು. ಯಾವತ್ತೂ ಹಾಗೆ ಮಾಡಿದವರಲ್ಲ.

4-7-2002, ಗುರುವಾರ

ಮೂರನೇ ಸಲ ಕೇಳಿದೆ. ಮೊದಲ ಸಲ ಪೆಟ್ಟಿಗೆಯಲ್ಲಿದೆ ಅಂದರು. ಎರಡನೇ ಸಲ ಪೆಟ್ಟಿಗೆಯ ಕೀಲಿ ಹೆಂಡತಿ ಹತ್ತಿರ ಇದೆ. ಇವತ್ತು ಒಂದು ಜೆರಾಕ್ಸ್ ತಂದುಕೊಟ್ಟರು. "ಒರಿಜಿನಲ್ ಹರಿಯಂಗಾಗೈತೆ. ಇದ್ರಾಗೇ ನಡ್ಸಕ್ಕಾಗಲ್ವಾ?"

ಆಫೀಸಿಗೆ ಬರುವ ಕಕ್ಷಿದಾರರು ಆಡುವ ಮಾತು. ಪಹಣಿ ಒದ್ದೆಯಾಗೈತೆ, ಪತ್ರ ಇಲಿ ತಿಂದೈತೆ... ಕಾಗದ ಕೇಳಿದಾಗ ಮನುಷ್ಯ ಹೇಗೆ ನಿಲ್ಲುತ್ತಾನೆ ಅನ್ನುವುದು ನನಗೆ ಗೊತ್ತು. ಮಾಸ್ಟರ್ ಹಾಗೇ ನಿಂತಿದ್ದರು. ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ.

ಛೆ. ಯಾರ ಬಗ್ಗೆ ಬರೆಯುತ್ತಿದ್ದೇನೆ ನಾನು? ಅಪ್ಪ ಸತ್ತ ವರ್ಷ ಮನೆಯಿಂದ ಹೊರಗೇ ಬರದಿದ್ದವಳನ್ನು ಎಳೆದುಕೊಂಡು ಬಂದು ನಿಲ್ಲಿಸಿದ ಮನುಷ್ಯ.

9-7-2002, ಮಂಗಳವಾರ, ಮಧ್ಯಾಹ್ನ, ಆಫೀಸು

ವಕೀಲರು ಕೋರ್ಟಿಗೆ ಹೋಗಿದ್ದಾರೆ. ಅವರು ಬರುವಷ್ಟರಲ್ಲಿ ಬರೆದಿಡುತ್ತೇನೆ.

ಜೆರಾಕ್ಸನ್ನು ಫೈಲಿಗೆ ಸೇರಿಸುವಾಗ ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಸರ್ಟಿಫಿಕೇಟು. ತಾರೀಖು 1987, ಊರು ಬೆಂಗಳೂರು. ಅದರಲ್ಲಿ ಕರಾಟೆ, ಕುಮಾರ್, ಕರ್ನಾಟಕ — ಮೂರು ಕಡೆ ದೊಡ್ಡ 'ಕೆ' ಅಕ್ಷರ. ಮೂರರಲ್ಲೂ ಕೆಳಗಿನ ಕಾಲು ಅರ್ಧ ಇಲ್ಲ.

ನನ್ನ ಮುಂದಿರುವ ಈ ಹಳೇ ಇಂಗ್ಲಿಷ್ ಮಿಷನ್ನಿನ ಕೆ ಅಕ್ಷರಕ್ಕೂ ಕೆಳಗಿನ ಕಾಲು ಅರ್ಧ ಇಲ್ಲ. ಒಂಬತ್ತು ವರ್ಷದಿಂದ ಪ್ರತಿ ಅಫಿಡವಿಟ್ಟಿನಲ್ಲೂ ಅದೇ ಕುಂಟ ಕರ್ನಾಟಕ ಹೊಡೆಯುತ್ತಿದ್ದೇನೆ. ಪಕ್ಕದಲ್ಲಿಟ್ಟು ನೋಡಿದೆ. ಅದೇ. ಬಾಲ ಇಲ್ಲದ ಕಾಮಾ ಕೂಡ ಅದೇ.

ಬೆಂಗಳೂರಿನ ಸರ್ಟಿಫಿಕೇಟು ಹೊಳಲ್ಕೆರೆಯಲ್ಲಿ, ಈ ಸ್ಟೂಲಿನ ಮೇಲೆ ಕೂತು ಯಾರೋ ಹೊಡೆದದ್ದು. ನನಗಿಂತ ಮುಂಚೆ ಇಲ್ಲಿ ಟೈಪಿಸ್ಟ್ ಇದ್ದವರು ರಂಗಯ್ಯ. ಅವರು ತೀರಿಕೊಂಡು ಆರು ವರ್ಷ. ಕೇಳಲು ಯಾರೂ ಇಲ್ಲ.

ವಕೀಲರಿಗೆ ಗೊತ್ತಾ? ಗೊತ್ತಿದ್ದೇ ಒರಿಜಿನಲ್ ಅಂತ ಬರೆಸಿದರಾ? ಜೆರಾಕ್ಸ್ ಬ್ಯಾಗಿಗೆ ಹಾಕಿಕೊಂಡೆ. ಫೈಲಿನಲ್ಲಿ ಬಿಡಲಿಲ್ಲ.

14-7-2002, ಭಾನುವಾರ

ರಾಮಗಿರಿಗೆ ಹೋಗಿದ್ದೆ. ಮಾಸ್ಟರ್ ಮನೆ. ಭಾನುವಾರ ಬೆಳಿಗ್ಗೆ ಅವರು ಹೊಸದುರ್ಗದ ಬ್ಯಾಚಿಗೆ ಹೋಗಿರುತ್ತಾರೆ ಅಂತ ಗೊತ್ತಿದ್ದೇ ಹೋದೆ. ಕಳ್ಳಿಯ ಹಾಗೆ.

ಹೆಂಡತಿ ರಂಗಕ್ಕ ಒಳ್ಳೆಯವರು. "ಬಾರವ್ವ, ಕುಂತ್ಕ" ಅಂತ ಮಂಡಕ್ಕಿ ಕಲಸಿಕೊಟ್ಟರು. ಹಾಲ್ ಓಪನಿಂಗಿಗೆ ಮಾಸ್ಟರ್ ಹಳೇ ಫೋಟೋ ಬೇಕಿತ್ತು ಅಂದೆ. ಅವರೇ ಪೆಟ್ಟಿಗೆ ತೆಗೆದರು. ಅದಕ್ಕೆ ಕೀಲಿಯೇ ಇರಲಿಲ್ಲ.

ಒಂದು ಫೋಟೋ. ಹಿಂದೆ ಬಿಳಿ ಬಟ್ಟೆಯ ಕರಾಟೆಯವರು ಎರಡು ಸಾಲು. ಮುಂದೆ ಮೂಲೆಯಲ್ಲಿ ಮಾಸ್ಟರ್, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ಪ್ಯಾಂಟು, ಬನೀನು, ಹೆಗಲ ಮೇಲೆ ಟವೆಲ್. ಕೈಯಲ್ಲಿ ಸಾಂಬಾರಿನ ಬಕೆಟ್ಟು.

"ಬೆಂಗಳೂರಾಗೆ ಆ ಕರಾಟೆಯೋರ ಹಾಸ್ಟೆಲ್ಲಾಗೆ ಅಡಿಗೆ ಮಾಡ್ತಿದ್ರು, ಮದುವಿಗಿಂತ ಮುಂಚೆ" ಅಂದರು ರಂಗಕ್ಕ. "ಐದಾರು ವರ್ಷ. ಈಗ್ಲೂ ನೂರು ಜನಕ್ಕೆ ಅಡಿಗೆ ಮಾಡು ಅಂದ್ರೆ ಮಾಡ್ತಾರೆ. ನಿಮಗೆ ಹೇಳಿಲ್ವಾ?"

ಹೇಳಿಲ್ಲ. ನಮಗೆ ಹೇಳಿದ್ದು, ಬೆಂಗಳೂರಿಗೆ ಕರಾಟೆ ಕಲಿಯಲೆಂದೇ ಹೋಗಿದ್ದೆ ಅಂತ.

ವಾಪಸ್ ಬರುವ ಬಸ್ಸಿನಲ್ಲಿ ಉದ್ದಕ್ಕೂ ಲೆಕ್ಕ ಹಾಕಿದೆ — ಅವರು ಹೇಳಿದ್ದರಲ್ಲಿ ಯಾವುದು ನಿಜ?

19-7-2002, ಶುಕ್ರವಾರ

ಗಿರೀಶನಿಗೆ ಚಿತ್ರದುರ್ಗದ ಒಂದು ವಸತಿ ಶಾಲೆಯಲ್ಲಿ ಕರಾಟೆ ಶಿಕ್ಷಕನ ಕೆಲಸ ಸಿಕ್ಕಿದೆ. ಮೈಸೂರುಪಾಕ್ ತಂದಿದ್ದ. ಮಾಸ್ಟರ್ ಕೊಟ್ಟ ಸರ್ಟಿಫಿಕೇಟು ನೋಡಿಯೇ ತೆಗೆದುಕೊಂಡರಂತೆ. ಅವನ ಅಪ್ಪ ಪಾಲಣ್ಣ, ಜೀವಮಾನವೆಲ್ಲ ಕುರಿ ಹಿಂದೆ ತಿರುಗಿದವರು, ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಕ್ಕ ಇಟ್ಟಿದ್ದಾರಂತೆ.

ಜೆರಾಕ್ಸಿನ ವಿಷಯ ಬಾಯಿಗೆ ಬಂತು. ನುಂಗಿದೆ. ಆದರೆ ಮುಖ ನೋಡಿ ಏನೋ ಅಂದುಕೊಂಡ.

"ಏನ್ ಶೋಭಕ್ಕ, ಖುಷಿ ಇಲ್ವಾ?"

"ಗಿರೀಶ, ಮಾಸ್ಟರ್ ಒರಿಜಿನಲ್ ಸರ್ಟಿಫಿಕೇಟು ಯಾವತ್ತಾದ್ರೂ ನೋಡಿದೀಯಾ?"

ಮೈಸೂರುಪಾಕಿನ ಡಬ್ಬ ಮುಚ್ಚಿದ. "ರಾಮಗಿರಿಗೆ ಯಾಕ್ ಹೋಗಿದ್ರಿ ನೀವು? ಊರೆಲ್ಲ ಹೇಳ್ತೈತೆ. ಹಾಲ್ ಬರ್ತೈತೆ ಅಂತ ಗೊತ್ತಾತು, ಈಗ ಮಾಸ್ಟರ್‌ನ ಸರಿಸಿ ನೀವು ಕುಂತ್ಕಬೇಕು. ಅಷ್ಟೇ ಅಲ್ವಾ?"

ಅಂದರೆ ನನ್ನ ಮೇಲೂ ಅನುಮಾನ. ಅನುಮಾನ ಪಡುವುದರಲ್ಲಿ ಎಲ್ಲರೂ ನನ್ನ ಹಾಗೇ.

22-7-2002, ಸೋಮವಾರ

ರಾಜ್ಯ ಸಂಘಕ್ಕೆ ಕಾಗದ ಹಾಕಿದೆ. ಎರಡು ಹೆಸರು. ಪ್ರಸನ್ನಕುಮಾರ್, ಮತ್ತೆ ನನ್ನದು. ಇವರಿಬ್ಬರೂ ನಿಮ್ಮ ರಿಜಿಸ್ಟರಿನಲ್ಲಿ ಇದ್ದಾರೆಯೇ?

ನನ್ನದನ್ನು ಯಾಕೆ ಬರೆದೆ ಅಂದರೆ — ಅವರದು ಸುಳ್ಳಾದರೆ ನನ್ನದು ಏನು? ಸೊಂಟಕ್ಕೆ ಐದು ವರ್ಷದಿಂದ ಏನು ಕಟ್ಟಿಕೊಂಡಿದ್ದೇನೆ?

8-8-2002, ಗುರುವಾರ

ಕಾಗದ ಬಂತು. ಆಫೀಸಿನ ವಿಳಾಸಕ್ಕೆ. ಮೂರೇ ಸಾಲು.

ಪ್ರಸನ್ನಕುಮಾರ್ ಎಂಬ ಹೆಸರು ನಮ್ಮಲ್ಲಿ ಇಲ್ಲ.

ಬಿ. ಶೋಭಾರಾಣಿ, ಹೊಳಲ್ಕೆರೆ — ಇದೆ. ನಂಬರಿನ ಸಮೇತ.

ಆಗ ನೆನಪಾಯಿತು, 97ರ ಪರೀಕ್ಷೆ. ಮಾಸ್ಟರ್ ನನ್ನೊಬ್ಬಳನ್ನೇ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಜೊತೆಗೆ ಅಮ್ಮ. ಗೊತ್ತಿಲ್ಲದ ಐದು ಪರೀಕ್ಷಕರು, ನಾಲ್ಕು ಗಂಟೆ, ಕಾಲ್ಬೆರಳು ಮುರಿದು ಊದಿತ್ತು. ಮಾಸ್ಟರ್ ಒಳಗೆ ಬರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಅಮ್ಮನ ಜೊತೆ ಕೂತಿದ್ದರು. ಯಾಕೆ ಒಳಗೆ ಬರಲ್ಲ ಅಂದಿದ್ದಕ್ಕೆ, ನೀನು ನನ್ನ ಮುಖ ನೋಡ್ತೀಯ ಅಂತ, ಅಂದರು.

ಗಿರೀಶನಿಗೆ ಮರುವರ್ಷ ಇಲ್ಲೇ, ಜಗಲಿಯ ಮೇಲೆ, ತಾವೇ ಕೊಟ್ಟರು. ಅವನ ನಂತರ ಆರು ಜನಕ್ಕೆ ಕಂದು ಬೆಲ್ಟ್, ಅದೂ ತಾವೇ.

ನನ್ನೊಬ್ಬಳನ್ನೇ ಯಾಕೆ?

11-8-2002, ಭಾನುವಾರ

ಕೇಳಿದೆ.

ಬೆಳಿಗ್ಗೆ ಏಳಕ್ಕೆ ಮಿಲ್ಲಿಗೆ ಹೋದೆ. ಮಾಸ್ಟರ್ ಒಬ್ಬರೇ ಇದ್ದರು. ವಾಷಿಂಗ್ ಸೋಡಾ ಸುರಿದು ತೆಂಗಿನ ನಾರಿನಿಂದ ನೆಲ ಉಜ್ಜುತ್ತಿದ್ದರು. ಹೊಸ್ತಿಲಿನಿಂದ ಸುಮಾರು ಹತ್ತು ಅಡಿ ಕಲ್ಲು ಬೆಳ್ಳಗಾಗಿತ್ತು. ಜೆರಾಕ್ಸನ್ನೂ ಸಂಘದ ಕಾಗದವನ್ನೂ ಒಣಗಿದ ಕಲ್ಲಿನ ಮೇಲೆ ಇಟ್ಟೆ. ನೋಡಿದರು. ಉಜ್ಜುವುದು ನಿಲ್ಲಿಸಲಿಲ್ಲ.

"ಎಂಗ್ ಗೊತ್ತಾತು?"

"ನಾನು ಟೈಪಿಸ್ಟು, ಮಾಸ್ಟರ್."

ನಾರನ್ನು ಸೋಡಾ ನೀರಿಗೆ ಅದ್ದಿ ಹಿಂಡಿದರು. ಆಮೇಲೆ ಅವರೇ ಶುರು ಮಾಡಿದರು.

"ಅಡಿಗೆಮನೆ ಕಿಟಕಿಯಿಂದ ಕ್ಲಾಸು ಕಾಣ್ತಿತ್ತು. ನೋಡೋದು, ಮಧ್ಯಾಹ್ನ ಬ್ಯಾಳೆ ಚೀಲ ನಿಲ್ಲಿಸ್ಕಂಡು ಹೊಡೆಯೋದು. ಎರಡು ವರ್ಷ ಆದ್ಮೇಲೆ ಅಲ್ಲಿ ದೊಡ್ಡ ಮಾಸ್ಟ್ರು ನೋಡ್ಬಿಟ್ರು. ಬೈಲಿಲ್ಲ. ಕೊನೇ ಸಾಲಾಗೆ ನಿಂತ್ಕ ಅಂದ್ರು. ನಾಕು ವರ್ಷ ನಿಂತೆ. ಪರೀಕ್ಷೆ ಬಂದಾಗೆಲ್ಲ ಸಾಂಬಾರ್ ನೋಡ್ಕ ಹೋಗು ಅಂತಿದ್ರು. ಅಡಿಗೆಯೋನಿಗೆ ಬೆಲ್ಟ್ ಯಾಕೆ ಅಂತ."

"ಊರಿಗೆ ಬಂದು ನೀವೇ ಕಟ್ಕಂಡ್ರಿ."

"ಬಿಳೀ ಬೆಲ್ಟ್ ಕಟ್ಕಂಡೋನ ಹತ್ರ ಯಾರ್ ಬರ್ತಿದ್ರಮ್ಮ? ರಂಗಯ್ಯ ಒಂದು ಸಂಜೆ ಹೊಡ್ಕೊಟ್ಟ. ಹದಿನೈದು ವರ್ಷ ಆತು."

"ಗಿರೀಶನ ಬೆಲ್ಟು?"

"ನಾನು ಕೊಟ್ಟಿದ್ದು."

"ಅಂದ್ರೆ?"

"ಅಂದ್ರೆ ಬರೀ ಬಟ್ಟೆ."

ಅಷ್ಟು ಸಲೀಸಾಗಿ ಹೇಳಿದರು. ಸಿಟ್ಟು ಬಂತು. ಎಂದೂ ಅವರೆದುರು ದನಿ ಎತ್ತಿದವಳಲ್ಲ. ನನ್ನನ್ನು ಯಾಕೆ ಕರ್ಕಂಡು ಹೋದ್ರಿ, ಇಂಥ ದಿನ ಬರುತ್ತೆ ಅಂತ ಮೊದಲೇ ಗೊತ್ತಿತ್ತಾ, ನನ್ನ ಹೆಸರು ಉಪಯೋಗಕ್ಕೆ ಬರುತ್ತೆ ಅಂತ ಇಟ್ಕಂಡಿದ್ರಾ —

"ಒಂದಾದ್ರೂ ನಿಜದ್ದು ಇರ್ಲಿ ಅಂತ" ಅಂದರು. "ಉಳಿದೋರನ್ನ ಕಳ್ಸಕ್ಕೆ ಧೈರ್ಯ ಬರ್ಲಿಲ್ಲ. ಫೇಲಾದ್ರೆ ನನ್ನ ಕಲಿಕೆ ಸುಳ್ಳು. ಪಾಸಾದ್ರೆ ನನ್ನ ಬೆಲ್ಟ್ ಕೇಳ್ತಾರೆ."

ನಂಬಬೇಕಾ? ಇವತ್ತಿನ ಮಾತನ್ನೂ ಎಷ್ಟು ದಿನದಿಂದ ತಯಾರು ಮಾಡಿಟ್ಟುಕೊಂಡಿದ್ದರೋ.

13-8-2002, ಮಂಗಳವಾರ

ದಾನಪತ್ರದ ಜೊತೆಗಿನ ಫಾರಂನಲ್ಲಿ ಮುಖ್ಯ ಶಿಕ್ಷಕರ ಜಾಗದಲ್ಲಿ ಮಾಸ್ಟರ್ ನನ್ನ ಹೆಸರು ಬರೆದು ಕಳಿಸಿದ್ದಾರೆ. ಸಹಿಗೆ ಪೆನ್ಸಿಲ್ ಗುರುತು ಕೂಡ ಹಾಕಿ.

ಸಹಿ ಹಾಕಲಿಲ್ಲ. ವಾಪಸ್ ಕಳಿಸಿದೆ. ಮೇಲೆ ಚೀಟಿ: ಮೊದಲು ಎಲ್ಲರಿಗೂ ನೀವೇ ಹೇಳಬೇಕು. ಎಲ್ಲರಿಗೂ ಸಂಘದವರಿಂದ ಮತ್ತೆ ಪರೀಕ್ಷೆ. ನಿಮಗೂ.

18-8-2002, ಭಾನುವಾರ

ಹೇಳಿದರು. ಮಿಲ್ಲಿನಲ್ಲೇ. ಮಕ್ಕಳು, ತಂದೆತಾಯಂದಿರು, ಓಬಳೇಶಪ್ಪನವರು, ಬಾಗಿಲ ಹತ್ತಿರ ಮುರುಗಪ್ಪ ವಕೀಲರು. ಮಾಸ್ಟರ್ ಪಂಚೆ ಶರ್ಟಿನಲ್ಲಿ ನಿಂತು ಹೇಳಿದರು. ಏನೂ ಮುಚ್ಚಲಿಲ್ಲ. ಸಾಂಬಾರಿನ ಬಕೆಟ್ಟನ್ನೂ ಬಿಡಲಿಲ್ಲ.

ಗಿರೀಶ ಕೊನೆಯವರೆಗೆ ಕೇಳಿಸಿಕೊಂಡ. ಎದ್ದ. "ನಮ್ಮಪ್ಪಂಗೆ ಏನ್ ಹೇಳ್ಲಿ?" ಅಂದ. ಬೆಲ್ಟನ್ನು ಕುರ್ಚಿಯ ಮೇಲೆ ಇಟ್ಟು ಹೋದ. ಎಸೆಯಲಿಲ್ಲ, ಮಡಚಿ ಇಟ್ಟ. ಅದನ್ನೇ ನೋಡಲಾಗಲಿಲ್ಲ.

ಮೂರು ಮನೆಯವರು ಮಕ್ಕಳನ್ನು ಎಬ್ಬಿಸಿಕೊಂಡು ಹೊರಟರು. ಈಗ ಮಿಲ್ಲೂ ಹೋಯಿತು ಅಂದುಕೊಂಡೆ. ಓಬಳೇಶಪ್ಪನವರ ಕಡೆ ನೋಡುವ ಧೈರ್ಯ ಯಾರಿಗೂ ಇಲ್ಲ. ಅವರು ಗಂಟಲು ಸರಿಮಾಡಿಕೊಂಡರು.

"ಲೇ ಪ್ರಸನ್ನ, ನಾನು ನಲವತ್ತು ವರ್ಷ ಇಲ್ಲಿ ಎಣ್ಣೆ ಮಾರಿದೀನಿ. ಕಲಬೆರಕೆ ಅಂದ್ರೇನು ಅಂತ ನಿನ್ನಿಂದ ಕಲೀಬೇಕಾಗಿಲ್ಲ. ಡಬ್ಬದ ಮೇಲಿನ ಚೀಟಿ ಸುಳ್ಳು ಇರ್ಬೌದು. ಒಳಗಿರೋ ಎಣ್ಣೆ ಏನು ಅಂತ ನೋಡ್ಬೇಕಲ್ಲ." ನನ್ನ ಕಡೆ ತಿರುಗಿ — "ಮುಖ್ಯ ಶಿಕ್ಷಕಿ ಆ ಹುಡುಗಿ ಆದ್ರೆ ಪತ್ರ. ಇವನಾದ್ರೆ ಇಲ್ಲ."

ವಕೀಲರು ನನ್ನ ಮುಖ ನೋಡಿ ನಕ್ಕರು. ಅವರಿಗೆ ಮೊದಲೇ ಗೊತ್ತಿತ್ತಾ?

ಸಹಿ ಹಾಕಿದೆ.

10-11-2002, ಭಾನುವಾರ

ಎಷ್ಟೋ ದಿನದ ಮೇಲೆ ಈ ಪುಸ್ತಕ ತೆಗೆದೆ.

ಪತ್ರ ರಿಜಿಸ್ಟರ್ ಆಯಿತು. ನೆಲ ಉಜ್ಜಿದ್ದು ಎರಡು ತಿಂಗಳು, ಎಲ್ಲರೂ ಸರದಿಯಲ್ಲಿ. ಮಾಸ್ಟರ್ ದಿನಾ. ದೀಪಾಳ ಅಜ್ಜಿ ಕಾಟಮ್ಮ ಬೂದಿಯ ಮೂಟೆ ಹೊತ್ತು ತಂದುಕೊಟ್ಟಳು, ಸೋಡಾಕ್ಕಿಂತ ಅದೇ ಕೆಲಸ ಮಾಡಿತು. ಇವತ್ತು ಓಪನಿಂಗ್. ಬೋರ್ಡಿನಲ್ಲಿ ನನ್ನ ಹೆಸರು. ಅಮ್ಮ ಓದಲು ಬಾರದಿದ್ದರೂ ಅದರ ಮುಂದೆ ನಿಂತೇ ಇದ್ದಳು.

ಮಾಸ್ಟರ್ ಊಟದ ಕಡೆ ನಿಂತರು. ಇನ್ನೂರು ಜನಕ್ಕೆ ಅವರದೇ ಅಡಿಗೆ. ಸಾಂಬಾರ್ ಬಡಿಸುತ್ತಾ ಬಂದು ನನ್ನ ಎಲೆಯ ಮುಂದೆ ನಿಂತಾಗ ಇಬ್ಬರೂ ತಲೆ ಎತ್ತಲಿಲ್ಲ.

ಗಿರೀಶ ಬರಲಿಲ್ಲ. ಆ ಶಾಲೆಗೆ ತಾನೇ ಹೋಗಿ ಹೇಳಿದನಂತೆ. ಡಿಸೆಂಬರ್ ಪರೀಕ್ಷೆವರೆಗೆ ಸಮಯ ಕೊಟ್ಟಿದ್ದಾರಂತೆ. ಊರಿನಲ್ಲಿ ಕೆಲವರು ಈಗಲೂ ಅನ್ನುತ್ತಾರೆ — ಶೋಭಾರಾಣಿ ಚೆನ್ನಾಗಿ ಆಟ ಆಡಿದಳು, ಮಿಲ್ ಹೊಡೆದಳು.

22-12-2002, ಭಾನುವಾರ

ಪರೀಕ್ಷೆ ನಮ್ಮ ಹಾಲಿನಲ್ಲೇ. ಸಂಘದಿಂದ ಮೂವರು ಬಂದಿದ್ದರು. ಗಿರೀಶ ಬಂದ, ಯಾರ ಜೊತೆಯೂ ಮಾತಿಲ್ಲ. ಯಾರ ಮೇಲೋ ಸಿಟ್ಟು ತೀರಿಸಿಕೊಳ್ಳುವ ಹಾಗೆ ಮಾಡಿದ. ಪಾಸ್. ಕಪ್ಪು ಬೆಲ್ಟ್, ನಂಬರಿನ ಸಮೇತ. ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಪಾಲಣ್ಣ ಎದ್ದು ಹೋಗಿ ಮಾಸ್ಟರ್ ಕೈ ಹಿಡಿದುಕೊಂಡರು. ಗಿರೀಶ ಇನ್ನೂ ಹಿಡಿದಿಲ್ಲ.

ಉಳಿದ ಆರರಲ್ಲಿ ಐದು ಜನ ಪಾಸ್.

ಕೊನೆಗೆ ಮಾಸ್ಟರ್. ನಲವತ್ತಾರು ವಯಸ್ಸು. ಬಿಳಿ ಬೆಲ್ಟ್ ಕಟ್ಟಿಕೊಂಡು ಬಂದರು. ಒದೆತ, ತಡೆ, ಜೋಡಿ ಕಾದಾಟ — ಪರೀಕ್ಷಕರು ಬರೆಯುವುದು ಬಿಟ್ಟು ನೋಡುತ್ತಿದ್ದರು. ಆಮೇಲೆ ಕಾತಾ. ಎದುರಾಳಿ ಇಲ್ಲದೆ ಒಬ್ಬರೇ ಮಾಡುವ ವರಸೆ. ಮಧ್ಯದಲ್ಲಿ ಪೂರ್ತಿ ತಿರುಗಿ ಕುಸಿದು ತಡೆಯುವ ಹೆಜ್ಜೆ. ಎಡಗಾಲು ಮೊದಲು. ಆ ಹೆಜ್ಜೆಯನ್ನು ನನ್ನಿಂದ ಒಂದು ಬೇಸಿಗೆ ಪೂರ್ತಿ ಮಾಡಿಸಿದ್ದರು, ಎಡ ಮೀನಖಂಡಕ್ಕೆ ಕೋಲಿನಿಂದ ತಟ್ಟಿ ತಟ್ಟಿ.

ಬಲಗಾಲು ಇಟ್ಟರು.

ಒಂದು ಕ್ಷಣ ನಿಂತರು, ಮುಂದುವರಿಸಿದರು. ಅಷ್ಟೇ ಸಾಕಾಯಿತು. ಕಪ್ಪು ಇಲ್ಲ. ಕಂದು. ಪರೀಕ್ಷಕರಿಗೇ ಬೇಜಾರಾದ ಹಾಗಿತ್ತು. ಮಾಸ್ಟರ್ ಎರಡೂ ಕೈಯಲ್ಲಿ ತೆಗೆದುಕೊಂಡು ಬಗ್ಗಿ ನಮಸ್ಕರಿಸಿದರು.

ಕಪ್ಪು ಬಂದಿದ್ದರೆ? ಊರಿನವರು ನಾಳೆಯೇ ಅವರನ್ನು ಮುಂದೆ ನಿಲ್ಲಿಸುತ್ತಿದ್ದರು. ನಾನು ಪಕ್ಕಕ್ಕೆ. ಅದು ಅವರಿಗೂ ಗೊತ್ತು.

ಬಲಗಾಲು ಹೇಗೆ ಬಂತು?

24-12-2002, ಮಂಗಳವಾರ, ಸಂಜೆ 5.20, ಹಾಲ್

ಕ್ಲಾಸಿಗೆ ಹತ್ತು ನಿಮಿಷ ಇದೆ. ದೀಪಾ ಬೇಗ ಬಂದು ಆ ಕಾತಾ ಮಾಡುತ್ತಿದ್ದಳು. ತಿರುವು ಸರಿಯಾಗಿ ಬಂತು. ಯಾರು ಹೇಳಿಕೊಟ್ಟರು ಅಂದೆ.

"ಮಾಸ್ಟ್ರು. ನಿನ್ನೆ ಬೆಳಿಗ್ಗೆ. ಎಡಗಾಲೇ ಮೊದ್ಲು, ನಿದ್ದೆಗಣ್ಣಾಗೂ ತಪ್ಪಬಾರ್ದು ಅಂದ್ರು. ನಾಕು ಸಲ ಮಾಡಿ ತೋರ್ಸಿದ್ರು."

ನಾಲ್ಕು ಸಲ. ಒಂದೂ ತಪ್ಪಲಿಲ್ಲವಂತೆ.

ಈಗ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕಂದು ಬೆಲ್ಟ್ ಬಿಗಿದುಕೊಂಡು ಸಾಲಿನಲ್ಲಿ, ರಜೆಗೆ ಬಂದಿರುವ ಗಿರೀಶನ ಪಕ್ಕ ನಿಂತಿದ್ದಾರೆ. ಗಿರೀಶ ಸರಿದು ಜಾಗ ಬಿಟ್ಟ. ನನ್ನ ಕಡೆ ನೋಡುತ್ತಿಲ್ಲ, ಎದುರಿನ ಗೋಡೆ ನೋಡುತ್ತಿದ್ದಾರೆ. ಶಿಷ್ಯ ನೋಡಬೇಕಾದ ಹಾಗೆ. ಬಾಯಲ್ಲಿ ಕೇಳಿದರೆ ವಯಸ್ಸಾತು ಅನ್ನುತ್ತಾರೆ, ಅದನ್ನು ನಾನು ನಂಬುವುದಿಲ್ಲ. ಕೇಳುವುದಿಲ್ಲ. ಇವತ್ತು ಮೊದಲು ಅದೇ ಕಾತಾ ಮಾಡಿಸುತ್ತೇನೆ. ಮಕ್ಕಳು ಕೂರಲಿ, ಅವರೊಬ್ಬರೇ. ನಾನು ಎದುರಿಗೇ ನಿಂತು ಕಾಲು ನೋಡುತ್ತೇನೆ. ಎಡಗಾಲು ಬಂದರೆ, ಭಾನುವಾರದ ಬಲಗಾಲು ಬೇಕೆಂದೇ ಇಟ್ಟದ್ದು.